ಬೆಂಕಿಯನ್ನು ಗಾಡಿಯ ಮೇಲೇ ಹೊರಬೇಕೆ? ಆಧುನಿಕ ಉಗಿ ಎಂಜಿನ್ನಿನ ಲೆಕ್ಕಾಚಾರ

ರೈಲಿನ ಹುಚ್ಚಿರುವ ನಾಲ್ಕು ಜನ ಸೇರಿದರೆ ಸಾಕು, ಈ ಜಗಳ ಶುರುವಾಗುತ್ತದೆ. ಉಗಿ ಎಂಜಿನ್ ವಯಸ್ಸಾಗಿ ಸತ್ತಿತೋ, ಇಲ್ಲಾ ಇನ್ನೂ ಬೆಳೆಯುತ್ತಿದ್ದಾಗಲೇ ಅದರ ಕತ್ತು ಹಿಸುಕಿದರೋ? ಎರಡನೆಯ ವಾದ ಹೂಡುವವರನ್ನು ಹೊಗೆಗೂ ಸಿಳ್ಳೆಗೂ ಮರುಳಾದವರೆಂದು ತಳ್ಳಿಹಾಕುವಂತಿಲ್ಲ. ಅವರ ಬೆನ್ನಿಗೆ ಫ್ರಾನ್ಸಿನ ಆಂದ್ರೆ ಶಾಪೆಲಾನ್, ಅರ್ಜೆಂಟೀನಾದ ಲಿವಿಯೊ ಡಾಂಟೆ ಪೋರ್ಟಾ, ಬ್ರಿಟನ್ನಿನ ಡೇವಿಡ್ ವಾರ್ಡೇಲ್ ಅವರಂಥ ಎಂಜಿನಿಯರುಗಳಿದ್ದಾರೆ. ಕಾಗದದ ಮೇಲಷ್ಟೇ ಅಲ್ಲ, ಹಳಿಯ ಮೇಲೂ ಓಡಿಸಿ ತೋರಿಸಿದವರು ಅವರು. ಹಾಗಾಗಿ ಲೆಕ್ಕವನ್ನು ಬಿಡಿಸಿಯೇ ನೋಡಬೇಕು. ನನ್ನ ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ: ಇಂಧನದ ಖರ್ಚೊಂದನ್ನೇ ನೋಡಿದರೆ 1950ರ ದಶಕದ ಡೀಸೆಲ್ ಎದುರು ಉಗಿ ಸೋಲಬೇಕಾಗಿರಲಿಲ್ಲ. ಅದು ಸೋತದ್ದು ಬೇರೆ ಕಡೆ. ಇಂದಿನ ವಿದ್ಯುತ್ ಎಂಜಿನ್ನಿನ ಎದುರಂತೂ ಅದಕ್ಕೆ ಅಖಾಡಕ್ಕಿಳಿಯುವ ಅವಕಾಶವೇ ಇಲ್ಲ.

ಮೊದಲು ಶಾಖ ಎಲ್ಲಿ ಸೋರುತ್ತದೆ ಎಂಬುದು. ಸಾಮಾನ್ಯ ಉಗಿ ಎಂಜಿನ್ ತಾನು ಉರಿಸಿದ ಕಲ್ಲಿದ್ದಲಿನ ಶಾಖದಲ್ಲಿ ಶೇ 6ರಿಂದ 8ರಷ್ಟನ್ನು ಮಾತ್ರ ರೈಲೆಳೆಯುವ ಕೆಲಸಕ್ಕೆ ತಿರುಗಿಸುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಇದು ಶೇ 30ರ ಆಸುಪಾಸು. ಅಂತರ ದೊಡ್ಡದೇ. ಆದರೆ ಇದಕ್ಕೆ ಉಗಿ ಎಂಜಿನ್ ಕಟ್ಟಿದವರ ದಡ್ಡತನ ಕಾರಣವಲ್ಲ. ಬಾಯ್ಲರಿನಲ್ಲಿ 16 ಬಾರ್ ಒತ್ತಡ (ಹೊರಗಿನ ಗಾಳಿಯ ಒತ್ತಡದ ಸುಮಾರು 16 ಪಟ್ಟು), ಉಗಿಯನ್ನು ಇನ್ನಷ್ಟು ಕಾಯಿಸುವ ಸೂಪರ್‌ಹೀಟರ್ ದಾಟಿದ ಮೇಲೆ 400 ಡಿಗ್ರಿ ಸೆಲ್ಸಿಯಸ್ ಎಂದು ಇಟ್ಟುಕೊಳ್ಳಿ. ಉಗಿ ಎಂಜಿನ್ನಿನ ಮಟ್ಟಿಗೆ ಇದು ಉತ್ತಮ ಸ್ಥಿತಿಯೇ. ಆ ಒಂದು ಕಿಲೋ ಉಗಿಯನ್ನು ತಯಾರಿಸಲು ಸುಮಾರು 3,170 ಕಿಲೋಜೌಲ್ ಶಾಖ ಬೇಕು. ಸಿಲಿಂಡರಿನಲ್ಲಿ ಒಂದಿಷ್ಟೂ ನಷ್ಟವಿಲ್ಲದೆ ಅದು ಹೊರಗಿನ ಗಾಳಿಯ ಒತ್ತಡದವರೆಗೆ ಹಿಗ್ಗಿದರೂ ಸಿಗುವ ಕೆಲಸ 620 ಕಿಲೋಜೌಲಿಗೆ ತುಸು ಹೆಚ್ಚು, ಅಂದರೆ ಶೇ 20. ಉಳಿದ ಶೇ 80 ಚಿಮಣಿಯಲ್ಲಿ ಛಫ್ ಛಫ್ ಎನ್ನುತ್ತಾ ಆಕಾಶಕ್ಕೆ ಹೋಗುತ್ತದೆ. ನೀರನ್ನು ಆವಿಯಾಗಿಸಲು ಸುರಿದ ಶಾಖ ಆ ಆವಿಯೊಳಗೇ ಅಡಗಿರುತ್ತದೆ; ಆವಿಯನ್ನು ಹೊರಗೆ ಬಿಟ್ಟರೆ ಅದನ್ನೂ ಬಿಟ್ಟಂತೆಯೇ.

ಈ ಶೇ 20 ಎಂಬುದು ಆದರ್ಶದ ಮಾತು. ಇದಕ್ಕೆ ಬಾಯ್ಲರಿನ ನಷ್ಟ, ಸಿಲಿಂಡರಿನ ನಷ್ಟ, ಎಂಜಿನ್ ತನ್ನದೇ ಮೈಭಾರ ಎಳೆದುಕೊಳ್ಳಲು ಬಳಸುವ ಶಕ್ತಿ ಇವನ್ನೆಲ್ಲ ಕಳೆಯುತ್ತಾ ಬಂದರೆ ಶೇ 6–8ಕ್ಕೆ ಇಳಿಯುವುದು ಕಷ್ಟವೇನಲ್ಲ.

ಹಾಗಾದರೆ ಆ ಉಗಿಯನ್ನು ತಣಿಸಿ ಮತ್ತೆ ನೀರಾಗಿಸಬಾರದೆ? ವಿದ್ಯುತ್ ಸ್ಥಾವರಗಳು ಮಾಡುವುದು ಅದನ್ನೇ. ಅಲ್ಲಿ ಉಗಿಯನ್ನು ತಣಿಸುವ ಕಂಡೆನ್ಸರಿನೊಳಗೆ ಒತ್ತಡ ಬರೀ 0.05 ಬಾರಿಗೆ ಇಳಿದ ನಿರ್ವಾತ ಇರುತ್ತದೆ. ಮೇಲೆ ಹೇಳಿದ ಅದೇ ಉಗಿಯನ್ನು ಅಲ್ಲಿಯವರೆಗೆ ಹಿಗ್ಗಿಸಿದರೆ ಆದರ್ಶ ದಕ್ಷತೆ ಶೇ 20ರಿಂದ 33ಕ್ಕೆ ಏರುತ್ತದೆ. ತೊಡಕು ಗಾತ್ರದ್ದು. ಹೊರಗಿನ ಗಾಳಿಯ ಒತ್ತಡದಲ್ಲಿ ಒಂದು ಕಿಲೋ ಉಗಿ ಸುಮಾರು 1.7 ಘನ ಮೀಟರ್ ಜಾಗ ಹಿಡಿದರೆ, ಆ ನಿರ್ವಾತದಲ್ಲಿ 24 ಘನ ಮೀಟರ್ ಬೇಕು. ಸುರಂಗ, ಸೇತುವೆ, ಪ್ಲಾಟ್‌ಫಾರಂಗಳ ನಡುವೆ ತೂರಿ ಹೋಗಬೇಕಾದ ಗಾಡಿಯಲ್ಲಿ ಅಂಥ ಸಿಲಿಂಡರನ್ನು ಎಲ್ಲಿ ಇಡುತ್ತೀರಿ? ಸಾಲದ್ದಕ್ಕೆ, ರೈಲೆಳೆಯುವ ಶಕ್ತಿಯ ಐದಾರು ಪಟ್ಟು ಶಾಖವನ್ನು ಕಂಡೆನ್ಸರ್ ಗಾಳಿಗೆ ಚೆಲ್ಲಬೇಕು, ಅದೂ ಗಾಡಿಯ ಮೈಮೇಲಿನ ರೇಡಿಯೇಟರಿನಿಂದ. ಡೀಸೆಲ್ ಎಂಜಿನ್ ಈ ವಿಷಯದಲ್ಲಿ ಅದೃಷ್ಟವಂತ. ಅದರ ವ್ಯರ್ಥ ಶಾಖದ ದೊಡ್ಡ ಪಾಲು ಬಿಸಿ ಹೊಗೆಯ ರೂಪದಲ್ಲಿ ತಾನಾಗಿಯೇ ಹೊರಟುಹೋಗುತ್ತದೆ, ರೇಡಿಯೇಟರಿಗೆ ಉಳಿಯುವುದು ಸ್ವಲ್ಪ.

ದಕ್ಷಿಣ ಆಫ್ರಿಕಾದವರು ಇದನ್ನು ಮಾಡಿಯೂ ನೋಡಿದರು. ನೀರಿಗೆ ತತ್ವಾರವಾದ ಕರೂ ಬಯಲಿಗಾಗಿ 1953ರಿಂದ ಓಡಿಸಿದ 90 ‘ಕ್ಲಾಸ್ 25’ ಎಂಜಿನ್‌ಗಳಿಗೆ ಕಂಡೆನ್ಸರ್ ಹೊತ್ತ ಭಾರೀ ಟೆಂಡರುಗಳಿದ್ದವು (ಟೆಂಡರ್ ಎಂದರೆ ಎಂಜಿನ್ನಿನ ಹಿಂದೆ ಕಲ್ಲಿದ್ದಲು, ನೀರು ಹೊರುವ ಗಾಡಿ). ಉದ್ದೇಶ ದಕ್ಷತೆಯಲ್ಲ, ನೀರುಳಿತಾಯ. ಆ ಉದ್ದೇಶ ಈಡೇರಿತು ಕೂಡ. ನೀರಿನ ಬಳಕೆ ಹತ್ತರಲ್ಲಿ ಒಂದು ಪಾಲಿಗೆ ಇಳಿಯಿತು. ಆದರೆ ಚಿಮಣಿಯಲ್ಲಿ ಉಗಿಯೇ ಬರದಿದ್ದರೆ ಬೆಂಕಿಗೆ ಗಾಳಿ ಎಳೆಯುವವರಾರು? ಅದಕ್ಕೊಂದು ಫ್ಯಾನ್ ಬೇಕಾಯಿತು. ಹಾರಿಬರುವ ಬೂದಿ, ಕಿಡಿಗಳು ಆ ಫ್ಯಾನಿನ ಅಲಗುಗಳನ್ನು ಸವೆಸಿ ಸವೆಸಿ ಹಾಕಿದವು. 1970ರ ದಶಕದಲ್ಲಿ ಆ ಎಂಜಿನ್‌ಗಳ ಕಂಡೆನ್ಸರುಗಳನ್ನು ಕಳಚಿ ಮಾಮೂಲಿ ಎಂಜಿನ್‌ಗಳಾಗಿ ಪರಿವರ್ತಿಸಲಾಯಿತು.

ಇಲ್ಲಿ ಒಂದು ಮಾತು. ಚಿಮಣಿಯಲ್ಲಿ ಹಾರಿಹೋಗುವ ಉಗಿ ಪೂರ್ತಿ ದಂಡವಲ್ಲ. ಆ ರಭಸವೇ ಹೊಗೆಯನ್ನು ಸೆಳೆದೊಯ್ದು, ಬೆಂಕಿ ಉರಿಯುವ ಗೂಡಾದ ಫೈರ್‌ಬಾಕ್ಸಿನಲ್ಲಿ ಗಾಳಿಯ ಹರಿವನ್ನು ಉಂಟುಮಾಡುತ್ತದೆ. ಎಂಜಿನ್ ಹೆಚ್ಚು ದುಡಿದಷ್ಟೂ ಉಗಿ ಹೆಚ್ಚು, ಉಗಿ ಹೆಚ್ಚಿದಷ್ಟೂ ಗಾಳಿ ಹೆಚ್ಚು, ಬೆಂಕಿ ಜೋರು. ಒಂದು ತಿರುಗುವ ಭಾಗವೂ ಇಲ್ಲದೆ ತನ್ನನ್ನು ತಾನೇ ಸರಿದೂಗಿಸಿಕೊಳ್ಳುವ ಈ ಏರ್ಪಾಡು ನನಗೆ ಇವತ್ತಿಗೂ ಸೋಜಿಗ. ಆದರೆ ಅದಕ್ಕೆ ಬೆಲೆಯಿದೆ. ಕಿರಿದಾದ ಬಾಯಿಯಲ್ಲಿ ಉಗಿಯನ್ನು ನೂಕಬೇಕಾದಾಗ ಪಿಸ್ಟನ್ನಿನ ಹಿಂದೆ ಎದುರೊತ್ತಡ ಹುಟ್ಟುತ್ತದೆ, ಶಕ್ತಿ ಕಡಿತವಾಗುತ್ತದೆ.

ಶಾಪೆಲಾನ್ ಕೈಹಾಕಿದ್ದು ಇಲ್ಲೇ. ಪ್ಯಾರಿಸ್-ಓರ್ಲೆಯಾನ್ ರೈಲ್ವೆಯ 3566 ಸಂಖ್ಯೆಯ ಎಂಜಿನ್ನನ್ನು ಅವರು 1929ರಲ್ಲಿ ಮರುನಿರ್ಮಿಸಿದರು. ಉಗಿ ಸಾಗುವ ದಾರಿಗಳನ್ನು ಅಗಲ ಮಾಡಿ, ಚೂಪು ತಿರುವುಗಳನ್ನು ತೆಗೆದು, ಉಗಿಯನ್ನು ಇನ್ನಷ್ಟು ಕಾಯಿಸಿ, ಫಿನ್‌ಲೆಂಡಿನ ಕ್ಯುಲಾಲಾ ಅವರ ವಿನ್ಯಾಸವನ್ನು ತಿದ್ದಿ ಮಾಡಿದ ‘ಕಿಲ್‌ಶಾಪ್’ ಚಿಮಣಿಯನ್ನು ಕೂಡಿಸಿದರು. ಸುಮಾರು 1,850 ಅಶ್ವಶಕ್ತಿಯ ಎಂಜಿನ್ 3,000ಕ್ಕೆ ಏರಿತು. ಅದೇ ಚೌಕಟ್ಟು, ಅದೇ ಚಕ್ರಗಳು. 1938ರ ಜುಲೈ 3ರಂದು ಇಂಗ್ಲೆಂಡಿನಲ್ಲಿ ಗಂಟೆಗೆ 126 ಮೈಲಿ ಓಡಿದ ‘ಮ್ಯಾಲರ್ಡ್’ ಎಂಜಿನ್ನಿಗೂ ಇದೇ ಜಾತಿಯ ಜೋಡಿ ಚಿಮಣಿ ಇತ್ತು. ಶಾಪೆಲಾನ್ 1946ರಲ್ಲಿ ಹೊರತಂದ 242ಎ1 ಎಂಬ ಎಂಜಿನ್ ಸಿಲಿಂಡರುಗಳಲ್ಲಿ 5,000 ಅಶ್ವಶಕ್ತಿ ದಾಟಿಸುತ್ತಿತ್ತು, ದಕ್ಷತೆ ಶೇ 12ರ ಹತ್ತಿರ. ಅಂಥದ್ದು ಒಂದೇ ಒಂದು ಇತ್ತು. ಪ್ಯಾರಿಸ್-ಲಿಯಾನ್ ಮಾರ್ಗಕ್ಕೆ 1952ರ ಹೊತ್ತಿಗೆ ವಿದ್ಯುತ್ ತಂತಿ ಬಂತು, 1960ರಲ್ಲಿ 242ಎ1 ಗುಜರಿಗೆ ಹೋಯಿತು.

ಪೋರ್ಟಾ ಕಣ್ಣಿಟ್ಟದ್ದು ಬೆಂಕಿಯ ಮೇಲೆ. ಫೈರ್‌ಬಾಕ್ಸಿನ ಬಾಗಿಲಲ್ಲಿ ನಿಂತು ನೋಡುವವರಿಗೆ ತೊಂದರೆ ಕಣ್ಣಿಗೇ ಕಾಣುತ್ತದೆ. ಮಾಮೂಲಿ ಪದ್ಧತಿಯಲ್ಲಿ ಗಾಳಿಯೆಲ್ಲ ಕೆಳಗಿನ ಜಾಲರಿಯಿಂದ ಕೆಂಡದ ಹಾಸಿಗೆಯ ಮೂಲಕವೇ ನುಗ್ಗಬೇಕು. ಎಂಜಿನ್ ಏರು ಹತ್ತುವಾಗ ಆ ಗಾಳಿ ಎಷ್ಟು ಜೋರಾಗಿರುತ್ತದೆಂದರೆ, ತೂರುವಾಗ ಹೊಟ್ಟಿನ ಜೊತೆ ಕಾಳೂ ಹಾರಿಹೋದ ಹಾಗೆ, ಅರೆಬೆಂದ ಕಲ್ಲಿದ್ದಲ ಚೂರುಗಳು ಎದ್ದು, ಬಿಸಿ ಹೊಗೆ ಬಾಯ್ಲರನ್ನು ಹಾಯ್ದುಹೋಗುವ ಟ್ಯೂಬುಗಳೊಳಗೆ ನುಗ್ಗಿ ಚಿಮಣಿಯಿಂದ ಆಚೆ ಬೀಳುತ್ತವೆ. ಪೂರ್ತಿ ದುಡಿಮೆಯಲ್ಲಿ ಹಾಕಿದ ಕಲ್ಲಿದ್ದಲಿನ ಐದರಲ್ಲೊಂದು ಪಾಲಿಗಿಂತ ಹೆಚ್ಚು ಹೀಗೆ ಉರಿಯದೇ ಹೋಗುವುದುಂಟು. ಕೆಂಡದ ಕಾವು ಹೆಚ್ಚಾದರೆ ಇನ್ನೊಂದು ಪೀಡೆ: ಬೂದಿ ಕರಗಿ ಗಟ್ಟಿ ಹೆಂಟೆಯಾಗಿ ಜಾಲರಿಯನ್ನು ಮುಚ್ಚಿಬಿಡುತ್ತದೆ. ಅದನ್ನು ಕ್ಲಿಂಕರ್ ಅನ್ನುತ್ತಾರೆ, ಬೆಂಕಿಗೆ ಕಲ್ಲಿದ್ದಲು ಹಾಕುವ ಫೈರ್‌ಮ್ಯಾನ್‌ಗಳ ಬಾಯಲ್ಲಿ ಅದಕ್ಕೆ ಬೈಗುಳದ ಹೆಸರುಗಳೂ ಇದ್ದೀತು. ಪೋರ್ಟಾ ಕೆಳಗಿನಿಂದ ಮೂರನೇ ಒಂದು ಪಾಲಿನಷ್ಟು ಗಾಳಿಯನ್ನು ಮಾತ್ರ, ಅದಕ್ಕೆ ಒಂದಿಷ್ಟು ಉಗಿ ಬೆರೆಸಿ ಬಿಟ್ಟರು. ಆಗ ದಪ್ಪ ಕೆಂಡದ ಹಾಸಿಗೆ ನಿಧಾನಕ್ಕೆ ಅನಿಲವಾಗುತ್ತದೆ, ಉಗಿಯ ತಂಪಿಗೆ ಕ್ಲಿಂಕರ್ ಕಟ್ಟುವುದಿಲ್ಲ. ಉಳಿದ ಗಾಳಿ ಬದಿಯ ತೂತುಗಳಿಂದ ಮೇಲ್ಗಡೆ ನುಗ್ಗಿ ಆ ಅನಿಲವನ್ನು ಅಲ್ಲೇ ಉರಿಸುತ್ತದೆ. ಚೂರು ಹಾರುವುದು ಕಡಿಮೆ, ಹೊಗೆಯೂ ಕಡಿಮೆ. ಅರ್ಜೆಂಟೀನಾದ ದಕ್ಷಿಣ ತುದಿಯಲ್ಲಿ, ಬರೀ 750 ಮಿಲಿಮೀಟರ್ ಅಗಲದ ರಿಯೊ ಟುರ್ಬಿಯೊ ಕಲ್ಲಿದ್ದಲು ರೈಲುಮಾರ್ಗದಲ್ಲಿ, ಜಪಾನಿನಿಂದ ತಂದ ಪುಟ್ಟ ಎಂಜಿನ್‌ಗಳನ್ನು ಹೀಗೆ ತಿದ್ದಿ, ಸುಮಾರು 700 ಅಶ್ವಶಕ್ತಿ ಇದ್ದದ್ದನ್ನು 1,200ಕ್ಕೆ ಒಯ್ದರು.

ಪೋರ್ಟಾ ಅವರ ಹಾದಿಯಲ್ಲಿ ನಡೆದ ವಾರ್ಡೇಲ್ ದಕ್ಷಿಣ ಆಫ್ರಿಕಾದಲ್ಲಿ 3450 ಸಂಖ್ಯೆಯ ಎಂಜಿನ್ನನ್ನು 1981ರಲ್ಲಿ ಮಾರ್ಪಡಿಸಿದರು. ಕೆಂಪು ಬಣ್ಣ ಬಳಿದಿದ್ದಕ್ಕೆ ಅದು ‘ರೆಡ್ ಡೆವಿಲ್’ ಎಂದೇ ಹೆಸರಾಯಿತು. ಅದೇ ವರ್ಗದ ಮಾರ್ಪಡಿಸದ ಎಂಜಿನ್‌ಗೆ ಹೋಲಿಸಿದರೆ ಕಲ್ಲಿದ್ದಲಿನಲ್ಲಿ ಶೇ 28, ನೀರಿನಲ್ಲಿ ಶೇ 30 ಉಳಿತಾಯ. ಎಳೆಯುವ ಶಕ್ತಿಯಲ್ಲಿ ಶೇ 43 ಹೆಚ್ಚಳ. 28 ವರ್ಷ ಹಳೆಯ ಎಂಜಿನ್ನಿನಿಂದ, ಹೊಸ ಎಂಜಿನ್ ಕಟ್ಟಲು ಹೋಗದೆ ಇಷ್ಟು ಹಿಂಡುವುದು ಸಣ್ಣ ಸಾಧನೆಯಲ್ಲ.

ಈಗ ಹಣದ ಲೆಕ್ಕ. ಒಂದೇ ಪ್ರಮಾಣದ ಶಾಖಕ್ಕೆ ಕಲ್ಲಿದ್ದಲಿನ ಬೆಲೆ ಡೀಸೆಲ್ಲಿನ ನಾಲ್ಕನೇ ಒಂದು ಪಾಲಾಗಿದ್ದರೆ, ಶೇ 8 ದಕ್ಷತೆಯ ಉಗಿ ಎಂಜಿನ್ನೂ ಶೇ 32 ದಕ್ಷತೆಯ ಡೀಸೆಲ್ಲೂ ಇಂಧನದ ಖರ್ಚಿನಲ್ಲಿ ಸಮಸಮ. ಶೇ 12ಕ್ಕೇರಿದರೆ ಉಗಿಯೇ ಮುಂದೆ. 1973 ಮತ್ತು 1979ರ ತೈಲ ಬಿಕ್ಕಟ್ಟಿನ ಬೆನ್ನಲ್ಲೇ ಅಮೆರಿಕದಲ್ಲಿ ‘ಏಸ್ 3000’ ಎಂಬ ಹೊಸ ಉಗಿ ಎಂಜಿನ್ನಿನ ಯೋಜನೆ ತಲೆಯೆತ್ತಿದ್ದು ಈ ಲೆಕ್ಕದ ಮೇಲೆಯೇ. ಅದಕ್ಕೆ ಮಾಹಿತಿ ಕೂಡಿಹಾಕಲು 1985ರ ಜನವರಿಯಲ್ಲಿ, ವೆಸ್ಟ್ ವರ್ಜೀನಿಯಾದ ಕೊರೆಯುವ ಚಳಿಯಲ್ಲಿ, 614 ಸಂಖ್ಯೆಯ ಹಳೆಯ ಎಂಜಿನ್ನಿಗೆ ಕಲ್ಲಿದ್ದಲು ಗಾಡಿಗಳನ್ನು ಕಟ್ಟಿ ಓಡಿಸಿದರು. ಮರುವರ್ಷ ತೈಲದ ಬೆಲೆ ಕುಸಿಯಿತು, ಯೋಜನೆಯೂ ಮಲಗಿತು. ಇಂಧನ ಬೆಲೆಯ ಅಂತರವನ್ನೇ ನಂಬಿ ಕೂತವರ ಪಾಡು ಇಷ್ಟೇ. 20–30 ವರ್ಷ ಬಾಳಬೇಕಾದ ಎಂಜಿನ್ನನ್ನು ಐದು ವರ್ಷವೂ ನಿಲ್ಲದ ಬೆಲೆಯ ಮೇಲೆ ಕಟ್ಟಲಾಗದು.

ಇಂಧನ ಎಂಬುದು ಒಟ್ಟು ಖರ್ಚಿನಲ್ಲಿ ಒಂದು ಬಾಬ್ತು ಮಾತ್ರ. ಇದನ್ನು ಅಮೆರಿಕದ ನಾರ್ಫೋಕ್ ಅಂಡ್ ವೆಸ್ಟರ್ನ್ ರೈಲ್ವೆಯ ಕತೆಯಷ್ಟು ಚೆನ್ನಾಗಿ ಬೇರಾವುದೂ ಹೇಳುವುದಿಲ್ಲ. ಆ ಕಂಪನಿಯ ವ್ಯಾಪಾರವೇ ಕಲ್ಲಿದ್ದಲು ಸಾಗಿಸುವುದು. ಉಗಿಯನ್ನು ಕೈಬಿಟ್ಟರೆ ತನ್ನ ಗಿರಾಕಿಗಳ ಸರಕನ್ನೇ ತಾನು ಒಲ್ಲೆ ಎಂದಂತೆ. ಹಾಗಾಗಿ ಅದು ರೋವನೋಕ್ ಊರಿನ ತನ್ನ ಕಾರ್ಖಾನೆಯಲ್ಲಿ 1953ರವರೆಗೂ ಹೊಸ ಉಗಿ ಎಂಜಿನ್ ಕಟ್ಟಿತು. ಎಂಜಿನ್ ಬಂದು ನಿಂತರೆ ಎಣ್ಣೆ, ನೀರು, ಕಲ್ಲಿದ್ದಲು, ಬೂದಿ ತೆಗೆಯುವುದು ಎಲ್ಲವನ್ನೂ ಒಂದೇ ಸಾಲಿನಲ್ಲಿ ಸುಮಾರು ಒಂದು ಗಂಟೆಯಲ್ಲಿ ಮುಗಿಸಿ ಕಳಿಸುವ ಶೆಡ್‌ಗಳನ್ನು ಮಾಡಿತು. 1952ರಲ್ಲಿ ತನ್ನ ಅತ್ಯುತ್ತಮ ಉಗಿ ಎಂಜಿನ್‌ಗಳನ್ನು ನಾಲ್ಕು ಡೀಸೆಲ್‌ಗಳ ಜೋಡಣೆಯ ಎದುರು ಓಡಿಸಿ ನೋಡಿತು. ಫಲಿತಾಂಶ ಹೆಚ್ಚುಕಡಿಮೆ ಸಮ. ಆಮೇಲೂ 1955ರಲ್ಲಿ ಅದು ಡೀಸೆಲ್ ಕೊಳ್ಳಲು ಶುರುಮಾಡಿತು, 1960ರ ಮೇ ತಿಂಗಳಲ್ಲಿ ಉಗಿ ಪೂರ್ತಿ ನಿಂತಿತು.

ಪರೀಕ್ಷೆಯಲ್ಲಿ ಸೋಲದವರು ಯಾಕೆ ಕೈಚೆಲ್ಲಿದರು? ದೇಶದ ಮಿಕ್ಕ ರೈಲ್ವೆಗಳೆಲ್ಲ ಡೀಸೆಲ್ಲಿಗೆ ಹೋಗಿ ಆಗಿತ್ತು. ಬಾಯ್ಲರಿಗೆ ನೀರು ನೂಕುವ ಇಂಜೆಕ್ಟರ್, ಎಣ್ಣೆ ಹಾಕುವ ಉಪಕರಣ, ಎರಕದ ಚೌಕಟ್ಟು ಮಾರುತ್ತಿದ್ದ ಕಂಪನಿಗಳು ಒಂದೊಂದಾಗಿ ಅಂಗಡಿ ಮುಚ್ಚುತ್ತಿದ್ದವು. ಡೀಸೆಲ್ ತಯಾರಕರು ಕಾರು ತಯಾರಿಸುವವರ ಹಾಗೆ ಒಂದೇ ಮಾದರಿಯನ್ನು ಸಾವಿರಗಟ್ಟಲೆ ಮಾಡಿ ಮಾರುತ್ತಿದ್ದರು, ಬಿಡಿಭಾಗ ಕಪಾಟಿನಿಂದಲೇ ಸಿಗುತ್ತಿತ್ತು. ಉಗಿ ಎಂಜಿನ್ ಕೊನೆಯವರೆಗೂ ಆಯಾ ರೈಲ್ವೆ ತನಗೆ ಬೇಕಾದಂತೆ ಹೊಲಿಸಿಕೊಂಡ ಅಂಗಿಯಾಗಿಯೇ ಉಳಿಯಿತು.

ಆಳುಗಳ ವಿಷಯಕ್ಕೆ ಬಂದರೆ ಡೀಸೆಲ್ಲಿನ ಮೇಲುಗೈ ಇನ್ನೂ ಸ್ಪಷ್ಟ. ನಾಲ್ಕು ಡೀಸೆಲ್ ಎಂಜಿನ್‌ಗಳನ್ನು ಕೇಬಲ್ಲಿನಿಂದ ಜೋಡಿಸಿದರೆ ಮುಂದಿನ ಕ್ಯಾಬಿನ ಒಬ್ಬ ಚಾಲಕ ನಾಲ್ಕನ್ನೂ ನಡೆಸುತ್ತಾನೆ. ಎರಡು ಉಗಿ ಎಂಜಿನ್ ಎಂದರೆ ಎರಡು ಜೊತೆ ಸಿಬ್ಬಂದಿ. ತಣ್ಣಗಾದ ದೊಡ್ಡ ಬಾಯ್ಲರನ್ನು ಉಗಿಗೆ ತರಲು ಹಲವು ಗಂಟೆ ಬೇಕು, ಆತುರಪಟ್ಟರೆ ಉಕ್ಕಿನ ತಗಡುಗಳು ಅಸಮವಾಗಿ ಹಿಗ್ಗಿ ಬಿರುಕುಬಿಡುತ್ತವೆ. ಟ್ಯೂಬುಗಳ ಮಸಿ ತೆಗೆಯಬೇಕು, ನಿಗದಿತ ದಿನಕ್ಕೊಮ್ಮೆ ಬಾಯ್ಲರ್ ಖಾಲಿ ಮಾಡಿ ತೊಳೆಯಬೇಕು. ಪ್ರತಿ ಕಿಲೋ ಕಲ್ಲಿದ್ದಲಿಗೆ ಆರೆಂಟು ಕಿಲೋ ನೀರು ಬೇಕಾಗುವುದರಿಂದ ದಾರಿಯುದ್ದಕ್ಕೂ ನೀರಿನ ವ್ಯವಸ್ಥೆ ಇರಬೇಕು. ಪೋರ್ಟಾ ಈ ಪಟ್ಟಿಯ ಹಲವು ಕಲಮುಗಳಿಗೆ ಮದ್ದು ಕಂಡುಹಿಡಿದಿದ್ದರು. ಅವರ ನೀರಿನ ಸಂಸ್ಕರಣೆಯಿಂದ ಬಾಯ್ಲರಿನಲ್ಲಿ ಪದರ ಕಟ್ಟುವುದೇ ನಿಂತು, ತೊಳೆಯುವ ಅವಧಿ ವಾರಗಳಿಂದ ತಿಂಗಳುಗಳಿಗೆ ಏರಿತು. ಆದರೆ ಆ ಮದ್ದು ಬರುವ ಹೊತ್ತಿಗೆ ರೋಗಿಯನ್ನು ಆಸ್ಪತ್ರೆಯಿಂದ ಹೊರಹಾಕಿಯಾಗಿತ್ತು.

ಎಳೆತದ ಗುಣದಲ್ಲೂ ವ್ಯತ್ಯಾಸವಿದೆ. ಇದನ್ನು ಉಗಿಯ ಅಭಿಮಾನಿಗಳು ಅರ್ಧ ಮಾತ್ರ ಹೇಳುತ್ತಾರೆ. ಉಗಿ ಎಂಜಿನ್ನಿನ ಅಶ್ವಶಕ್ತಿ ವೇಗ ಏರಿದಂತೆ ಏರುತ್ತದೆ. ಡೀಸೆಲ್ಲಿನದು ನಿಧಾನಗತಿಯಲ್ಲೇ ಪೂರ್ತಿ ಸಿಗುತ್ತದೆ. ಅದಕ್ಕೇ ರೈಲಿನವರಲ್ಲಿ ಒಂದು ಚಟಾಕಿಯಿದೆ: ಉಗಿ ಎಂಜಿನ್ ತಾನು ಹೊರಡಿಸಲಾಗದ ರೈಲನ್ನೂ ಎಳೆಯಬಲ್ಲದು, ಡೀಸೆಲ್ ತಾನು ಎಳೆಯಲಾಗದ ರೈಲನ್ನೂ ಹೊರಡಿಸಬಲ್ಲದು. ಹೊರಡಿಸುವ ಕಷ್ಟ ಎಲ್ಲಿಂದ ಬರುತ್ತದೆ? ಎರಡು ಸಿಲಿಂಡರಿನ ಎಂಜಿನ್ನಿನಲ್ಲಿ ಚಕ್ರದ ಒಂದು ಸುತ್ತಿಗೆ ನಾಲ್ಕು ನೂಕುಗಳು. ಸರಾಸರಿ ಎಳೆತ ಹಿಡಿತದೊಳಗಿದ್ದರೂ ನೂಕಿನ ಶಿಖರದಲ್ಲಿ ಚಕ್ರ ಜಾರಿಬಿಡುತ್ತದೆ. ಜೊತೆಗೆ ರೆಡ್ ಡೆವಿಲ್‌ನಂಥ ಎಂಜಿನ್ನಿನಲ್ಲಿ ಟೆಂಡರನ್ನೂ ಸೇರಿಸಿದ ಒಟ್ಟು ತೂಕದ ಮೂರನೇ ಒಂದು ಪಾಲಿನಷ್ಟು ಮಾತ್ರ ದುಡಿಯುವ ಚಕ್ರಗಳ ಮೇಲಿರುತ್ತದೆ. ಶಕ್ತಿ ಶೇ 43 ಏರಿತು, ತೂಕ ಏರಲಿಲ್ಲ. ಆ ಎಂಜಿನ್ ಜಾರುಬುರುಕ ಎಂದು ಹೆಸರಾದದ್ದು ಸಹಜವೇ. ಡೀಸೆಲ್ ಮತ್ತು ವಿದ್ಯುತ್ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ ಪ್ರತಿ ಚಕ್ರವೂ ದುಡಿಯುತ್ತದೆ, ಮೋಟಾರಿನ ತಿರುಚುಬಲ ಒಂದೇ ಸಮ. ಇಂದಿನ ಎಲೆಕ್ಟ್ರಾನಿಕ್ ನಿಯಂತ್ರಣ ಚಕ್ರ ಜಾರುವ ಮೊದಲೇ ಅದನ್ನು ಹಿಡಿದು ನಿಲ್ಲಿಸುತ್ತದೆ.

ಇನ್ನು ವಿದ್ಯುತ್ ಎಂಜಿನ್. ಅಮೆರಿಕದ ‘ಬಿಗ್ ಬಾಯ್’ ಉಗಿ ಎಂಜಿನ್ 1941ರಿಂದ 1944ರವರೆಗೆ 25 ತಯಾರಾದವು. ಟೆಂಡರ್ ಸೇರಿ 500 ಟನ್ ಮೀರಿದ ತೂಕ, ಎಳೆಯುವ ಶಕ್ತಿ ಸುಮಾರು 6,000 ಅಶ್ವಶಕ್ತಿ. ಇಂದು ಯುರೋಪಿನಲ್ಲಿ ಓಡುವ ಸೀಮೆನ್ಸ್ ವೆಕ್ಟ್ರಾನ್ ಎಂಬ ನಾಲ್ಕು ಅಚ್ಚಿನ ವಿದ್ಯುತ್ ಎಂಜಿನ್ 90 ಟನ್ ಒಳಗಿದೆ, ಶಕ್ತಿ 6,400 ಕಿಲೋವ್ಯಾಟ್, ಅಂದರೆ 8,500 ಅಶ್ವಶಕ್ತಿಗೂ ಹೆಚ್ಚು. ನಿಂತಲ್ಲಿಂದ ಹೊರಡಿಸುವ ಬಲದಲ್ಲಿ ಬಿಗ್ ಬಾಯ್ ಇನ್ನೂ ಮುಂದೆ, ತೂಕದ ದೆಸೆಯಿಂದ. ಓಟದ ಶಕ್ತಿಯಲ್ಲಿ ಮಾತ್ರ ಹೋಲಿಕೆಯೇ ಸಲ್ಲದು. ವೆಕ್ಟ್ರಾನ್ ತನ್ನ ಬೆಂಕಿಯನ್ನು, ಬಾಯ್ಲರನ್ನು, ನೀರನ್ನು ಹೊತ್ತು ತಿರುಗಬೇಕಾಗಿಲ್ಲ. ಅವೆಲ್ಲ ದೂರದ ಸ್ಥಾವರದಲ್ಲಿವೆ ಅಥವಾ ಇಲ್ಲವೇ ಇಲ್ಲ. ಇಳಿಜಾರಿನಲ್ಲಿ ಅದು ಬ್ರೇಕ್ ಹಾಕುತ್ತಲೇ ತಂತಿಗೆ ವಿದ್ಯುತ್ತನ್ನು ಮರಳಿಸುತ್ತದೆ. ಉಗಿ ಎಂಜಿನ್ ಇಳಿಜಾರಿನಲ್ಲಿ ಕಲ್ಲಿದ್ದಲನ್ನು ಮರಳಿ ತಯಾರಿಸಲಾರದು.

ಕಲ್ಲಿದ್ದಲನ್ನೇ ಸುಡಬೇಕು ಎಂಬ ಹಟವಿದ್ದರೂ ಲೆಕ್ಕ ಬದಲಾಗುವುದಿಲ್ಲ. ಸ್ಥಾವರದ ದಕ್ಷತೆ ಶೇ 38, ತಂತಿಯಲ್ಲಿ ಉಳಿಯುವುದು ಅದರ ಶೇ 90, ಎಂಜಿನ್ನಿನಲ್ಲಿ ಶೇ 85 ಎಂದು ಹಿಡಿದರೆ ಗುಣಾಕಾರ ಶೇ 29ಕ್ಕೆ ಬಂದು ನಿಲ್ಲುತ್ತದೆ. ಅದೇ ಕಲ್ಲಿದ್ದಲನ್ನು ಗಾಡಿಯಲ್ಲಿ ಸುಟ್ಟರೆ ಶಾಪೆಲಾನ್ ಅವರ ಕೈಚಳಕವಿದ್ದರೂ ಶೇ 12. ಸಂಸ್ಕರಿಸಿದ ಕಟ್ಟಿಗೆಯಂಥ ಸಸ್ಯಮೂಲದ ಇಂಧನದಿಂದ ಉಗಿಯನ್ನು ಮತ್ತೆ ತರೋಣ ಎಂಬ ಪ್ರಯತ್ನ ಕಳೆದ ದಶಕದಲ್ಲಿ ಅಮೆರಿಕದಲ್ಲಿ ನಡೆಯಿತು. ಅದಕ್ಕೂ ಇದೇ ಗುಣಾಕಾರ ಅನ್ವಯ. ಸೌರ, ಜಲ, ಗಾಳಿ ವಿದ್ಯುತ್ತಿನ ಮಾತು ಎತ್ತಿದರಂತೂ ಉಗಿಯ ಪರ ವಕೀಲರು ಫೈಲು ಮಡಚಬೇಕಷ್ಟೆ.

ಉಳಿಯುವುದು ತಂತಿ ಎಳೆಯುವಷ್ಟು ಓಡಾಟವಿಲ್ಲದ ಮಾರ್ಗಗಳು. ಅಲ್ಲಿ ಡೀಸೆಲ್ಲಿಗೆ ಬದಲಿ ಹುಡುಕುವವರು ಉಗಿಯ ಕಡೆ ತಿರುಗಿಯೂ ನೋಡಲಿಲ್ಲ. ಜರ್ಮನಿಯಲ್ಲಿ 2018ರಲ್ಲಿ ಹೈಡ್ರೋಜನ್ ರೈಲು ಪ್ರಯಾಣಿಕರನ್ನು ಹೊತ್ತಿತು, ಬ್ಯಾಟರಿ ರೈಲುಗಳೂ ಓಡುತ್ತಿವೆ. ಬ್ರಿಟನ್ನಿನಲ್ಲಿ ವಾರ್ಡೇಲ್ ಅವರ ಲೆಕ್ಕಾಚಾರದ ಮೇಲೆ ನಿಂತ, ಗಂಟೆಗೆ 200 ಕಿಲೋಮೀಟರ್ ಓಡಬೇಕಿದ್ದ 5ಎಟಿ ಎಂಬ ಹೊಸ ಎಂಜಿನ್ನಿನ ಯೋಜನೆ ಹಣ ಹೂಡುವವರಿಲ್ಲದೆ 2012ರಲ್ಲಿ ಮುಚ್ಚಿತು.

ಹಾಗಿದ್ದೂ ಆಧುನಿಕ ಉಗಿ ನಿಜವಾಗಿ ದುಡಿದು ಸಂಪಾದಿಸುವ ಒಂದು ಮೂಲೆಯಿದೆ. ಸ್ವಿಟ್ಜರ್‌ಲೆಂಡಿನ ವಿಂಟರ್‌ಟುರ್ ಕಾರ್ಖಾನೆಯಲ್ಲಿ ರೋಜರ್ ವಾಲರ್ ಎಂಬ ಎಂಜಿನಿಯರ್ ಬೆಟ್ಟ ಹತ್ತುವ ಹಲ್ಲುಹಳಿಯ ರೈಲುಗಳಿಗೆ 1992ರಲ್ಲಿ ಮೂರು, 1996ರಲ್ಲಿ ಐದು ಹೊಚ್ಚಹೊಸ ಉಗಿ ಎಂಜಿನ್ ಕಟ್ಟಿಸಿದರು. ಕಲ್ಲಿದ್ದಲಿಲ್ಲ, ಹಗುರ ತೈಲದ ಉರಿ. ಸಲಿಕೆ ಹಿಡಿಯುವ ಫೈರ್‌ಮ್ಯಾನ್ ಇಲ್ಲ, ಒಬ್ಬನೇ ಚಾಲಕ ಸಾಕು. ಬಾಯ್ಲರಿಗೆ ದಪ್ಪ ಹೊದಿಕೆ. ರಾತ್ರಿಯಿಡೀ ವಿದ್ಯುತ್ ಹೀಟರ್ ಅದನ್ನು ಬೆಚ್ಚಗಿಡುವುದರಿಂದ ನಸುಕಿನಲ್ಲಿ ಎದ್ದುಬಂದು ಬೆಂಕಿ ಹಾಕುವ ಕೆಲಸವೂ ಇಲ್ಲ. ಬ್ರಿಯೆಂಜ್ ರೋಟ್‌ಹಾರ್ನ್ ಬೆಟ್ಟದಲ್ಲಿ, ಆಸ್ಟ್ರಿಯಾದ ಶಾಫ್‌ಬೆರ್ಗ್‌ನಲ್ಲಿ ಇವು ಪ್ರವಾಸಿಗರನ್ನು ಹೊತ್ತು ಏರುತ್ತವೆ. ಡೀಸೆಲ್ ಎಂಜಿನ್‌ಗಳೂ ಆ ಹಳಿಗಳ ಮೇಲೆ ಇವೆ. ಆದರೆ ಅಲ್ಲಿಗೆ ಬರುವವರು ದುಡ್ಡು ಕೊಡುವುದು ಎಂಜಿನ್ನಿಗೂ ಸೇರಿಸಿಯೇ ಆದ್ದರಿಂದ, ದಕ್ಷತೆಯ ಶೇಕಡಾವಾರು ಲೆಕ್ಕವನ್ನು ಯಾರೂ ಕೇಳುವುದಿಲ್ಲ.